ಗಂಗಾಧರ ಕಾಕಾನ ಬಲಗಾಲು

ರಾಣೆಬೆನ್ನೂರಿನ ಜ್ಯೋತ್ಸ್ನಾ ಏನು ಕೆಲಸ ಮಾಡುತ್ತಾಳೆ ಎಂದು ಓಣಿಯವರು ಕೇಳಿದರೆ, ಅವಳ ಚಿಕ್ಕಮ್ಮ ಮಥುರಾಬಾಯಿ ಕಾಕು 'ಗುಂಡಿ ಒತ್ತೋ ಕೆಲಸ' ಎಂದು ಹೇಳಿ ಮುಗಿಸುತ್ತಿದ್ದರು. ಅದೇನು ಪೂರಾ ಸುಳ್ಳಲ್ಲ. ಒಮ್ಮೆ ಬರೆದ ಆ್ಯಪ್ ಎಲ್ಲ ಬಗೆಯ ಫೋನಿನಲ್ಲೂ ನಡೆಯುವಂತೆ ಮಾಡುವ ಸಾಫ್ಟ್‌ವೇರ್ ಲೈಬ್ರರಿಯೊಂದಕ್ಕೆ ಅವಳು ಮನೆಯಲ್ಲೇ ಕೂತು ಕೋಡ್ ಬರೆಯುತ್ತಾಳೆ. ಯಾರಾದರೂ ಗುಂಡಿ ಒತ್ತಿದರೆ ಆ ಸುದ್ದಿಯನ್ನು ಆ್ಯಪ್‌ಗೆ ಮುಟ್ಟಿಸುವುದು ಅವಳ ಪಾಲಿನ ಭಾಗ. ಚಾಡಿ ಹೇಳುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಮಥುರಾಬಾಯಿಯ ಗಂಡ ಗಂಗಾಧರ ಕಾಕಾ ನಗುತ್ತಿದ್ದರು.

ಕಾಕಾ ಓಣಿಯ ಭಜನಾ ಮಂಡಳಿಯ ಪೇಟಿ ಮಾಸ್ತರರು. ಪೇಟಿ ಎಂದರೆ ಹಾರ್ಮೋನಿಯಂ. ಮೊಣಕಾಲು ಕೈಕೊಟ್ಟ ಮೇಲೆ ಪೇಟಿಯನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು ಬಾರಿಸುತ್ತಿದ್ದರು. ಈಚೆಗೆ ಕಣ್ಣೂ ಮೊಣಕಾಲಿನ ದಾರಿ ಹಿಡಿದು, ಹಾಡಿನ ಅಕ್ಷರಗಳು ಇರುವೆ ಸಾಲಿನಂತೆ ಕಾಣತೊಡಗಿದವು. ಜ್ಯೋತ್ಸ್ನಾ ಹಾಡುಗಳನ್ನೆಲ್ಲ ಟ್ಯಾಬಿಗೆ ಹಾಕಿ, ಪುಟಕ್ಕೊಂದು ನುಡಿ ದಪ್ಪ ಅಕ್ಷರದಲ್ಲಿ ಕಾಣುವಂತೆ ಆ್ಯಪ್ ಮಾಡಿಕೊಟ್ಟಳು. ಕಾಕಾನ ಎರಡೂ ಕೈ ಪೇಟಿಯ ಮೇಲಿರುತ್ತವೆಂದು, ಪುಟ ತಿರುಗಿಸಲು ಕಾಲಲ್ಲಿ ಒತ್ತುವ ಗುಂಡಿಯೊಂದನ್ನು ತರಿಸಿದಳು. ತಾನೇ ಕೈಯಿಂದ ಒತ್ತಿ ನೋಡಿದಳು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಪುಟ ತಿರುಗಿತು.

ಶನಿವಾರ ಸಂಜೆ ಓಣಿಯ ಹನುಮಪ್ಪನ ಗುಡಿಯಲ್ಲಿ ಭಜನೆ ಶುರುವಾಯಿತು. ಗುಂಡಿಯ ಮೇಲಿದ್ದ ಕಾಕಾನ ಬಲಗಾಲು ಸುಮ್ಮನಿರುವ ಕಾಲಲ್ಲ, ತಾಳ ಹಾಕುವ ಕಾಲು ಎಂಬುದು ಜ್ಯೋತ್ಸ್ನಾಗೆ ಮರೆತೇಹೋಗಿತ್ತು. ಒಂದೊಂದು ಪೆಟ್ಟಿಗೂ ಒಂದೊಂದು ಪುಟ ಹಾರಿತು. ಗಣಪತಿ ಸ್ತುತಿಯ ಎರಡನೇ ನುಡಿಗೆಂದು ಕಾಕಾ ತಲೆ ಎತ್ತುವಷ್ಟರಲ್ಲಿ ಟ್ಯಾಬಿನಲ್ಲಿ ಕಟ್ಟಕಡೆಯ ಮಂಗಳದ ಹಾಡು ಬಂದು ನಿಂತಿತ್ತು. ಕಂಡದ್ದನ್ನು ಅವರು ಹಾಡಿದರು. ಮಂಗಳ ಎತ್ತಿದ ಮೇಲೆ ಕೇಳಬೇಕೆ? ಜನ ದಡಬಡಿಸಿ ಎದ್ದು ನಿಂತರು, ಪೂಜಾರಿ ಆರತಿ ಹಚ್ಚಿದ, ಗಂಟೆ ಮೊಳಗಿತು. ಕೊಬ್ಬರಿ ಸಕ್ಕರೆ ಕೈಗೆ ಬಂದ ಮೇಲೆ ಭಜನೆಗೆ ಮತ್ತೆ ಯಾರು ಕೂರುತ್ತಾರೆ?

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ನಗಲಿಲ್ಲ. ಮುಂದಿನ ಶನಿವಾರ ಹತ್ತಿರದ ಕದರಮಂಡಲಗಿಯ ಗುಡಿಯಲ್ಲಿ ಹಾಡಲು ಮಂಡಳಿಗೆ ಕರೆ ಬಂದಿತ್ತು. ಅಲ್ಲಿ ಪೇಟಿಗೆ ಮಾಲತೇಶನನ್ನು ಕೂರಿಸೋಣ ಎಂದು ಯಾರೋ ಕಾಕಾನ ಎದುರಿಗೇ ಅಂದರು. ಮಾಲತೇಶ ಅವರ ಹತ್ತಿರವೇ ಕಲಿತವನು.

ಮನೆಗೆ ಬಂದ ಕಾಕಾ ಪೇಟಿಗೆ ಬಟ್ಟೆ ಹೊದಿಸಿದರು. "ಇನ್ನ ನಾ ಹಿಂದ ಕೂತು ತಾಳ ಹಿಡೀತೀನಿ ಜ್ಯೋತೂ. ನಂದು ಮುಗೀತು," ಎಂದರು.

ಜ್ಯೋತ್ಸ್ನಾ ಆ ಬಟ್ಟೆಯನ್ನು ಮತ್ತೆ ತೆಗೆದಳು. ಕೆಡಿಸಿದವಳು ತಾನು, ಮಾತು ಕೇಳಿಸಿಕೊಂಡವರು ಅವರು.

ಕಾಲು ಅಲುಗಿಸಬೇಡಿ ಎಂದು ಹೇಳಿ ನೋಡಿದಳು. ಕಾಲು ನಿಂತರೆ ಅವರ ಹಾಡೂ ನಿಂತುಬಿಡುತ್ತಿತ್ತು. ಗುಂಡಿಯನ್ನು ಎಡಗಾಲಿನಡಿ ಇಟ್ಟರೆ ಒತ್ತುವುದೇ ಮರೆತುಹೋಗುತ್ತಿತ್ತು. ಸರಿ, ಗುಂಡಿ ಬದಿಗಿಟ್ಟು ಬರೀ ಪೇಟಿ ಬಾರಿಸಿ ಎಂದು, ತಾನು ನೆಲದ ಮೇಲೆ ಕೂತು ಅವರ ಪಾದವನ್ನೇ ನೋಡಿದಳು. ನುಡಿ ನಡೆಯುವಾಗ ಪಾದ ಕುಣಿಯುತ್ತಿತ್ತು. ನುಡಿ ಮುಗಿದು ಕಡೆಯ ಸ್ವರ ಎಳೆಯುವಾಗ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಅಷ್ಟು ಸಾಕಾಯಿತು. ಕುಟ್ಟಿದರೆ ಪುಟ ಸುಮ್ಮನಿರಬೇಕು, ಒತ್ತಿ ಹಿಡಿದರೆ ತಿರುಗಬೇಕು.

ಹೇಳುವುದು ಸುಲಭ. ಟ್ಯಾಬಿನಲ್ಲಿ ಗುಂಡಿ ಒತ್ತಿ ಹಿಡಿದರೆ ಅವಳದೇ ಲೈಬ್ರರಿ 'ಒತ್ತಿದರು, ಒತ್ತಿದರು, ಒತ್ತಿದರು' ಎಂದು ಆ್ಯಪಿನ ಕಿವಿ ಊದುತ್ತಿತ್ತು. ಬಾಗಿಲ ಬೆಲ್ಲನ್ನು ಒತ್ತಿ ಹಿಡಿದ ಒಬ್ಬ ನೆಂಟನನ್ನು ಕಂಡು ಹತ್ತು ಮಂದಿ ಬಂದರು ಎಂದಂತೆ! ತಾನು ಬರೆದದ್ದೇ ಹೀಗೆ ಸುಳ್ಳಾಡುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯೂ ಬಂತು, ನಗೆಯೂ ಬಂತು. ಹೊಸದಾಗಿ ಒತ್ತಿದ್ದು, ಹಿಡಿದೇ ಇರುವುದು, ಬಿಟ್ಟದ್ದು, ಮೂರನ್ನೂ ಬೇರೆ ಬೇರೆಯಾಗಿ ತಿಳಿಸುವಂತೆ ವಾರವೆಲ್ಲ ಕೂತು ತಿದ್ದಿದಳು.

ಶನಿವಾರ, ಒಲ್ಲೆನೆಂದ ಕಾಕಾನನ್ನು ಕದರಮಂಡಲಗಿಯ ಟಂಟಂ ರಿಕ್ಷಾ ಹತ್ತಿಸಿದವರು ಮಥುರಾಬಾಯಿಯೇ. ಮೊದಲ ಹಾಡಿಗೆ ಮಾಸ್ತರರೇ ಕೂರಲಿ, ತಪ್ಪಿದರೆ ಮಾಲತೇಶ ಇದ್ದೇ ಇದ್ದಾನೆ ಎಂದು ಮಂಡಳಿಯವರನ್ನು ಜ್ಯೋತ್ಸ್ನಾ ಒಪ್ಪಿಸಿದ್ದಳು.

ಹಾಡು ಎತ್ತಿದರು. ಕಾಲು ಕುಣಿಯಿತು, ಪುಟ ಕದಲಲಿಲ್ಲ. ನುಡಿ ಮುಗಿಯಿತು, ಪಾದ ಊರಿತು, ಪುಟ ತಿರುಗಿತು. ಹಿಂದೆ ಕೂತಿದ್ದ ಜ್ಯೋತ್ಸ್ನಾ ಆಗ ತಾನೂ ದನಿಗೂಡಿಸಿದಳು. ಎರಡನೆಯ ಹಾಡಿಗೆ ಮಾಲತೇಶನನ್ನು ಕರೆಯುವ ನೆನಪು ಯಾರಿಗೂ ಆಗಲಿಲ್ಲ. ಅವನೇ ಕಣ್ಣು ಮುಚ್ಚಿ ತಾಳ ಬಡಿಯುತ್ತಿದ್ದ. ಮಂಗಳ ತನ್ನ ಹೊತ್ತಿಗೆ ಬಂತು.

ಹೊರಡುವಾಗ ಮಾಲತೇಶ ಕೇಳಿದ: "ಒಂದ ವಾರದಾಗ ಇದನ್ನ ಹೆಂಗ ಕಲತ್ರಿ ಮಾಸ್ತರ?"

"ನಾ ಏನೂ ಕಲೀಲಿಲ್ಲೋ. ನಮ್ಮ ಜ್ಯೋತು ಆ ಗುಂಡಿಗೆ ನನ್ನ ಕಾಲು ಕಲಿಸ್ಯಾಳ," ಎಂದರು ಕಾಕಾ. ಆಮೇಲೆ ಅವಳ ಕಡೆ ತಿರುಗಿ, ಮುಂದಿನ ವಾರಕ್ಕೆ ಎರಡು ಹೊಸ ಹಾಡು ಹಾಕಿಕೊಡು ಎಂದರು.