ನಾರ್ಮಲ್ ರಿಪೋರ್ಟಿಗೆ ಹಂಚಿದ ಪೇಢಾ

ಜತ್ತದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಶೋಭಾ ತನ್ನ ರಕ್ತ ತಪಾಸಣೆಯ ಲ್ಯಾಬಿಗೆ ಹೊಸ ಮಷಿನ್ ತರಿಸಿದ್ದಾಳೆ. ಕಳೆದ ವಾರ ನೋಡಲು ಹೋಗಿದ್ದೆ. ಬಾಗಿಲಲ್ಲೇ ಏನೋ ಕಳೆದುಕೊಂಡಂತಾಯಿತು. ಆಮೇಲೆ ಹೊಳೆಯಿತು, ವಾಸನೆಯೇ ಇಲ್ಲ. ಗಾಜಿನ ಪಟ್ಟಿಗೆ ರಕ್ತ ಸವರಿ, ಬಣ್ಣ ಹಾಕಿ, ಒಣಗಿಸಿ ನೋಡುತ್ತಿದ್ದ ನಮ್ಮ ಕಾಲದ ಲ್ಯಾಬಿಗೆ ಒಂದು ಘಾಟು ವಾಸನೆಯಿತ್ತು. ಅದು ಸೀರೆಗೂ ಹತ್ತುತ್ತಿತ್ತು, ಉಣ್ಣುವ ಕೈಗೂ ಹತ್ತುತ್ತಿತ್ತು. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ಅದನ್ನು ಅತ್ತರಿನ ವಾಸನೆಯೆಂದು ತಿಳಿದಿದ್ದರು, ಪಾಪ.

“ಇಲ್ಲಿ ನೋಡ್ರಿ ಮ್ಯಾಡಂ,” ಎಂದು ಶೋಭಾ ಮಷಿನ್ನಿನಿಂದ ಬಂದ ಕಾಗದದ ಮೇಲೆ ಬೆರಳಿಟ್ಟಳು. “ಬಿಳಿ ಕಣ ಎಷ್ಟವ ಅಂತ ಅಷ್ಟ ಅಲ್ರಿ. ಅದರಾಗ ಒಂದು ಜಾತಿ ದೊಡ್ಡ ಕಣ ಇರತಾವಲ್ರಿ, ಅವು ಸಣ್ಣದೊಂದು ದೊಡ್ಡದೊಂದು ಆಗ್ಯಾವೇನು ಅಂತನೂ ಹೇಳತೈತಿ. ಭಾಳ ಏರುಪೇರು ಇದ್ರ ನಂಜು ಮೈತುಂಬ ಏರಾಕತ್ತೈತಿ ಅಂತ ಸಂಶಯ ಪಡಬೇಕು. ಮುಂದಿಂದು ಡಾಕ್ಟರ್ ನೋಡ್ತಾರ.”

ಅವಳು ಹೇಳುತ್ತಿದ್ದುದು ಸೆಪ್ಸಿಸ್ ಬಗ್ಗೆ. ಎಲ್ಲೋ ಒಂದು ಕಡೆ ಸೋಂಕು ಹತ್ತುತ್ತದೆ, ಅದರ ಜೊತೆ ಜಗಳಕ್ಕೆ ಬಿದ್ದ ಮೈ ತನ್ನನ್ನೇ ಕೆಡಿಸಿಕೊಳ್ಳಲು ತೊಡಗುತ್ತದೆ. ಹೊತ್ತು ಮೀರಿದರೆ ಮನುಷ್ಯ ಉಳಿಯುವುದಿಲ್ಲ. ನಾನು ಹೂಂ ಅಂದೆ. ಒಳಗೆ ಹೊಟ್ಟೆಕಿಚ್ಚು. ಇಡೀ ಹರೆಯವನ್ನು ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕಳೆದವಳು ನಾನು, ಕುತ್ತಿಗೆ ಇವತ್ತಿಗೂ ನೆಟ್ಟಗೆ ತಿರುಗುವುದಿಲ್ಲ. ಈ ಡಬ್ಬಿ ಚಹಾ ಆರುವುದರೊಳಗೆ ಹೇಳಿಬಿಡುತ್ತದಂತೆ!

ಆಗ ಅಕ್ಕನ ನೆನಪಾಯಿತು. ಅಕ್ಕನನ್ನು ಕೊಟ್ಟದ್ದು ಉಮದಿಗೆ, ಕಿರಾಣಿ ಅಂಗಡಿಯವರ ಮನೆಗೆ. ರೊಕ್ಕದ ಗಲ್ಲೆಯ ಮೇಲೆ ಕೂಡುವವರು ಮಾಮಾ (ಅಕ್ಕನ ಗಂಡನನ್ನು ನಾವು ಕರೆಯುವುದು ಹಾಗೇ), ವ್ಯಾಪಾರ ಮಾಡುವವಳು ಅಕ್ಕ. ಅವಳ ಮುಂದೆ ನಾನು ಎಂದೂ ಲ್ಯಾಬಿನ ಮ್ಯಾಡಂ ಆಗಲಿಲ್ಲ. ಅವಳು ಮೂಗು ಒರೆಸಿ ಬೆಳೆಸಿದ ತಂಗಿ, ಅಷ್ಟೇ. ಎಷ್ಟೋ ವರ್ಷಗಳ ಹಿಂದೆ ಒಂದು ಅಮಾವಾಸ್ಯೆಗೆ ಅವಳು ಹರಕೆ ಹೊತ್ತು ಬರಿಗಾಲಲ್ಲಿ ಗುಡ್ಡಾಪುರಕ್ಕೆ ನಡೆದಳು. ದಾರಿಯಲ್ಲಿ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿಯಿತು. ಅರಿಸಿನ ಸುಣ್ಣ ಕಲಸಿ ಹಚ್ಚಿಕೊಂಡು, ಅಲ್ಲಿಯ ದೇವಿ ದಾನಮ್ಮನಿಗೆ ಕಾಯಿ ಒಡೆಸಿ, ಮಾಮಾನ ಜೊತೆ ಕುಂಟುತ್ತ ಜತ್ತಕ್ಕೆ ನಮ್ಮ ಮನೆಗೆ ಬಂದಳು. ಮೈ ಕೆಂಡವಾಗಿತ್ತು. ದವಾಖಾನೆಗೆ ಒಲ್ಲೆ ಎಂದು ಹಟ ಹಿಡಿದು ಜ್ವರದ ಗುಳಿಗೆ ನುಂಗಿ ಮಲಗಿದಳು. ಮರುದಿನ ಮೈ ತಣ್ಣಗಾಗಿತ್ತು.

ನನಗೆ ಸಮಾಧಾನವಾಗಲಿಲ್ಲ, ರಕ್ತ ತೆಗೆದೆ. ಬಿಳಿ ಕಣಗಳ ಎಣಿಕೆ ನಾರ್ಮಲ್ ಬಂತು. ಆ ಒಂದು ಶಬ್ದ ಮಾಮಾನ ಕಿವಿಗೆ ಬಿದ್ದದ್ದೇ ತಡ, ಪೇಢಾದ ಪುಡಿಕೆ ಬಂತು. ನಮ್ಮ ಕಡೆ ಮಗು ಹುಟ್ಟಿದರೆ ಪೇಢಾ, ಹುಡುಗ ಪಾಸಾದರೆ ಪೇಢಾ, ಟ್ರ್ಯಾಕ್ಟರ್ ಬಂದರೂ ಪೇಢಾ. ಓಣಿಯವರೆಲ್ಲ ಬಂದು ಅಕ್ಕನನ್ನು ಮಾತಾಡಿಸಿ, ಬಾಯಿ ಸಿಹಿ ಮಾಡಿಕೊಂಡು ಹೋದರು.

ಅವರು ತಿನ್ನುತ್ತಿದ್ದಾಗ ನಾನು ಲ್ಯಾಬಿನಲ್ಲಿ ಬಣ್ಣ ಹಾಕಿಟ್ಟ ಗಾಜಿನ ಪಟ್ಟಿ ನೋಡುತ್ತಿದ್ದೆ. ಸೋಂಕಿನ ಮೇಲೆ ಮೊದಲು ಬೀಳುವ ಬಿಳಿ ಕಣ ಬಲಿತಿದ್ದರೆ ಅದರ ಒಳತಿರುಳು ತುಂಡುತುಂಡಾಗಿರುತ್ತದೆ, ಎಳೆಯದಾದರೆ ಒಡೆದ ಬಳೆಯ ಚೂರಿನಂತೆ ಬಾಗಿರುತ್ತದೆ. ಅಕ್ಕನ ರಕ್ತದಲ್ಲಿ ನೋಡಿದಲ್ಲೆಲ್ಲ ಬಳೆಚೂರು, ಆ ಕಣಗಳ ಮೈಮೇಲೆ ಸೋಂಕು ಜೋರಾದಾಗ ಕಾಣುವ ಕಪ್ಪು ಕಾಳು. ಬಲಿತವು ತೀರುತ್ತ ಬಂದು ಮೈ ಎಳೆಯವನ್ನು ಹೊರಗೆ ಕಳಿಸುತ್ತಿತ್ತು. ಮನೆಗೆ ಓಡಿದರೆ ಅಕ್ಕ ಕೂತಲ್ಲೇ ಏದುಸಿರು ಬಿಡುತ್ತಿದ್ದಳು. “ಅಂಗಡಿ ಬಾಗಲಾ ಹಾಕಿದೇನು?” ಎಂದು ನನ್ನನ್ನು ಕೇಳಿದಳು, ಉಮದಿಯಲ್ಲೇ ಇದ್ದವಳಂತೆ. ನಮ್ಮ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ನಿಂದ್ರಬ್ಯಾಡ್ರಿ, ಲಗೂನ ಮಿರಜದ ದೊಡ್ಡ ದವಾಖಾನಿಗೆ ಒಯ್ರಿ,” ಅಂದರು.

ಅಕ್ಕ ಜಪ್ಪಯ್ಯ ಅನ್ನಲಿಲ್ಲ. “ನಾರ್ಮಲ್ ಅಂತ ನೀನ ಹೇಳಿದಿ. ಪೇಢಾ ಹಂಚೀವಿ. ಈಗ ದವಾಖಾನಿಗೆ ಹೋದ್ರ ಮಂದಿ ಏನಂದಾರು?”

“ಹೌದವಾ, ಮೈನೂ ತಣ್ಣಗೈತಿ,” ಅಂದರು ಮಾಮಾ.

ನನಗೆ ಸಿಟ್ಟು ನೆತ್ತಿಗೇರಿತು. “ಮಾಮಾ, ಜತ್ತ ಸ್ಟ್ಯಾಂಡಿನ್ಯಾಗ ಬಸ್ ನಿಂತೈತಿ ಅಂದ್ರ ಅದು ಜತ್ತದಾಗ ಉಳಿಯೂ ಬಸ್ಸೇನ್ರಿ? ಹಾದು ಹೋಗೂದೂ ಇರತೈತಿ. ಅಕ್ಕನ ಕಣ ಮ್ಯಾಲೇರಿ ಕೆಳಗ ಇಳಿಯೂ ಮುಂದ ನಾರ್ಮಲ್‌ನ್ಯಾಗ ಒಂದೀಟು ನಿಂತಾವ. ಅಷ್ಟ!” ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ಮಾಮಾನ ಹೆಗಲು ಹಿಡಿದು ಬಾಡಿಗೆ ಜೀಪು ಹತ್ತಿದಳು.

ಮಿರಜದಲ್ಲಿ ಹಿಮ್ಮಡಿ ಕೊಯ್ದು ಕೀವು ತೆಗೆದರು, ಸಲೈನಿನಲ್ಲಿ ಔಷಧ ಹರಿಸಿದರು. ಅಕ್ಕ ಸಾವಿನ ಬಾಯಿಂದ ತಿರುಗಿ ಬಂದಳು. ಅಂದಿನಿಂದ ನನ್ನ ಹತ್ತಿರ ಕಲಿಯಲು ಬಂದ ಹುಡುಗಿಯರಿಗೆಲ್ಲ ನಾನು ಈ ಬಸ್ಸಿನ ಕಥೆ ಹೇಳಿದ್ದೇ ಹೇಳಿದ್ದು. ಜೀವ ಉಳಿಸಿದ ದೃಷ್ಟಾಂತವೆಂದು ಒಳಗೊಳಗೇ ಬೀಗುತ್ತಿದ್ದೆ.

ಶೋಭಾಳ ಲ್ಯಾಬಿನಲ್ಲಿ ಕೂತೇ ಉಮದಿಗೆ ಫೋನ್ ಹಚ್ಚಿದೆ. “ಅಕ್ಕಾ, ಈ ಮಷಿನ್ ಆಗ ಇದ್ದಿದ್ರ ಅಷ್ಟು ವಾದ ಮಾಡೂದು ಬೇಕಾಗತಿದ್ದಿಲ್ಲ ನೋಡು.”

“ಮಷಿನ್ ಹೇಳಿದ್ರ ನಾ ಯಾಕ ಕೇಳಲಿ?”

“ಮತ್ತ ನನ್ನ ಬಸ್ಸಿನ ಮಾತು ಕೇಳಿದ್ಯಲ್ಲ?”

“ಯಾವ ಬಸ್ಸವಾ?” ಅಕ್ಕನಿಗೆ ನಿಜವಾಗಿ ಗೊತ್ತಿರಲಿಲ್ಲ. “ನೀ ಏನೇನೋ ಒದರಾಕತ್ತಿದ್ದಿ, ಕಣ್ಣಾಗ ನೀರು ದಳದಳ ಸುರೀತಿದ್ವು. ಅವ್ವ ಹೋದಾಗೂ ಮಂದಿ ಮುಂದ ಅತ್ತಾಕಿ ಅಲ್ಲ ನೀ. ನಿನ್ನ ಮಾರಿ ನೋಡಿ, ನಾ ಸಾಯಾಕತ್ತೀನಿ ಅಂತ ತಿಳೀತು. ಅದಕ್ಕ ಗಾಡಿ ಹತ್ತಿದೆ.”

ಫೋನ್ ಇಟ್ಟೆ. ಅತ್ತದ್ದು ನನಗೆ ಒಂದಿಷ್ಟೂ ನೆನಪಿಲ್ಲ.

“ಏನಾತ್ರಿ ಮ್ಯಾಡಂ?” ಅಂದಳು ಶೋಭಾ.

“ಏನಿಲ್ಲವಾ,” ಅಂದೆ. “ಈ ಮಷಿನ್ ಸಂಶಯ ಹೇಳಿದ ದಿನ ಬರೇ ಕಾಗದ ಕೊಟ್ಟು ಕಳಸಬ್ಯಾಡ. ಹೊರಗ ಹೋಗಿ ಅವರ ಮಗ್ಗಲದಾಗ ಕುಂದರು.”