ಮಗಳ ಮದುವೆಗೆ ಕರೆಯುವವರು

ಮಗಳ ಮದುವೆ ಗೊತ್ತಾದ ದಿನವೇ ನನಗೊಂದು ಹಟ ಹತ್ತಿತು. ಆಮಂತ್ರಣದಲ್ಲಿ ಕರೆಯುವವರ ಜಾಗದಲ್ಲಿ ನನ್ನ ಹೆಸರಿರಬೇಕು, ಅದೂ ಮೊದಲು. ಇದೇನು ಅಂಥಾ ದೊಡ್ಡ ಆಸೆಯೇ ಎಂದು ಬೇರೆಯವರಿಗೆ ಅನ್ನಿಸಬಹುದು. ನನ್ನ ಗಂಡ ತೀರಿಕೊಂಡಾಗ ಅವಳಿನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ಅಲ್ಲಿಂದ ಇಲ್ಲಿಯವರೆಗೆ ಜಯನಗರದ ನನ್ನ ಪುಟ್ಟ ಮ್ಯಾಚಿಂಗ್ ಸೆಂಟರಿನಲ್ಲಿ ಬ್ಲೌಸ್ ಪೀಸು, ಫಾಲ್ಸು, ಲೈನಿಂಗ್ ಬಟ್ಟೆ ಮಾರಿ ಅವಳನ್ನು ಬೆಳೆಸಿದ್ದೇನೆ. ಅವಳ ಮದುವೆಗೆ ಜನರನ್ನು ಕರೆಯುವ ಹಕ್ಕು ನನ್ನದಲ್ಲದೆ ಇನ್ಯಾರದು?

ಆದರೆ ನಮ್ಮಲ್ಲೊಂದು ಪದ್ಧತಿಯಿದೆ. ಗಂಡನಿಲ್ಲದವಳ ಹೆಸರನ್ನು ಕರೆಯುವವರ ಜಾಗದಲ್ಲಿ ಹಾಕುವುದಿಲ್ಲ. ಮನೆತನದ ಹಿರಿಯ ದಂಪತಿಯ ಹೆಸರು ಹಾಕಿ, ‘ನಮ್ಮ ತಮ್ಮನ ಮಗಳ ವಿವಾಹ’ ಎಂದು ಬರೆಸುತ್ತಾರೆ. ಲಿಂಗ ಕಟ್ಟಿಕೊಂಡವರಲ್ಲಿ ಇಂಥ ಭೇದವೆಲ್ಲ ಇಲ್ಲವೆಂದು ಸಭೆಗಳಲ್ಲಿ ನಮ್ಮವರು ಮೈಕು ಹಿಡಿದು ಹೇಳುತ್ತಾರೆ. ಕಾರ್ಡು ಮಾಡಿಸುವಾಗ ಮಾತ್ರ ಯಾರಿಗೂ ಆ ಭಾಷಣ ನೆನಪಿರುವುದಿಲ್ಲ.

“ಪ್ರಿಂಟು ಗಿಂಟು ಏನೂ ಬೇಡಮ್ಮ. ಎಐನಲ್ಲಿ ನಾನೇ ಮಾಡ್ತೀನಿ,” ಎಂದಳು ಮಗಳು. “ಪ್ರತಿ ಮನೆಗೂ ಅವರವರ ಹೆಸರು ಹಾಕಿ ಬೇರೆ ಬೇರೆ ಕಾರ್ಡ್ ಬರುತ್ತೆ. ನಿಂಗೆ ಹೆಂಗೆ ಬೇಕೋ ಹಂಗೆ ಮಾಡೋಣ.”

ನನಗೆ ಏನು ಬೇಕೆಂದು ಹೇಳಿದೆ. “ಅಷ್ಟೇ ತಾನೆ, ಹಾಕೋಣ ಬಿಡು,” ಎಂದಳು.

ಒಂದು ಭಾನುವಾರ ಬನಶಂಕರಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಕುಳಿತೆವು. ಮಗಳು ಕರ್ನಾಟಕದ ಮದುವೆ ಎಂದು ಬರೆದಳು. ಆನೆ ಬಂತು, ಅರಮನೆ ಬಂತು, ಶೇರ್ವಾನಿ ಹಾಕಿಕೊಂಡ ಗಂಡು ಬಂದ, ಅವನ ಸೊಂಟದಲ್ಲೊಂದು ಕತ್ತಿ. “ಕತ್ತಿ ಯಾಕೆ? ನಮ್ಮ ಹುಡುಗ ಬ್ಯಾಂಕಲ್ಲಿ ಕೆಲಸ ಮಾಡೋನು,” ಎಂದೆ. ಕತ್ತಿ ತೆಗೆ ಎಂದು ಬರೆದರೆ ಕತ್ತಿ ಹೋಯಿತು, ಜೊತೆಗೆ ಹುಡುಗನ ಒಂದು ಕೈಯೂ ಹೋಯಿತು. ಹಣೆಗೆ ವಿಭೂತಿ ಎಂದರೆ ಮುಖಕ್ಕೆಲ್ಲ ಬೂದಿ ಬಳಿದು, ಮದುಮಗನನ್ನು ಹಿಮಾಲಯದ ಬಾಬಾ ಮಾಡಿಟ್ಟಿತು. ಬಾಸಿಂಗ ಎಂದರೆ ನವಿಲುಗರಿಯ ಕಿರೀಟ. ಪ್ರತಿ ಸಲವೂ ‘ಕ್ಷಮಿಸಿ, ನೀವು ಹೇಳಿದ್ದು ಸರಿ’ ಎಂಬ ವಿನಯ ಬೇರೆ. ರಾಮಾ ಗ್ರೀನ್ ಕೇಳಿದವರಿಗೆ ಗಿಣಿಹಸಿರು ಕತ್ತರಿಸಿ ಕೊಟ್ಟು ಹೀಗೆ ಕೈಮುಗಿಯುತ್ತಿದ್ದರೆ ನಾನು ಎಂದೋ ಅಂಗಡಿ ಬಾಗಿಲು ಹಾಕಬೇಕಿತ್ತು.

ಕಾರ್ಡಿನ ಮೂಲೆಯಲ್ಲಿ ಅವಳಪ್ಪನ ಪುಟ್ಟ ಫೋಟೊ ಇರಲಿ ಎಂದುಕೊಂಡಿದ್ದೆವು. ಹಳೆಯ ಫೋಟೊ ಮಸುಕಾಗಿತ್ತು. ಸ್ವಲ್ಪ ಬೆಳಕು ಮಾಡು ಎಂದು ಕೇಳಿದ್ದಕ್ಕೆ ಅದು ಅವರಿಗೆ ನಗು ಕೊಟ್ಟಿತು, ಹಲ್ಲು ಕೊಟ್ಟಿತು, ಕೆನ್ನೆ ತುಂಬಿಸಿತು. ಫೋಟೊದವನು ಸ್ಮೈಲ್ ಪ್ಲೀಸ್ ಎಂದರೆ ಮುಖ ಇನ್ನಷ್ಟು ಬಿಗಿಯುತ್ತಿದ್ದ ಮನುಷ್ಯ ಅವರು. ಪರದೆಯ ಮೇಲೆ ಯಾರೋ ಟೂತ್‌ಪೇಸ್ಟ್ ಜಾಹೀರಾತಿನವನು ನನ್ನ ಗಂಡನ ಶರ್ಟು ಹಾಕಿಕೊಂಡು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

“ಚೆನ್ನಾಗೇ ಕಾಣ್ತಿದ್ದಾರಲ್ಲಮ್ಮ,” ಎಂದಳು ಮಗಳು.

“ಚೆನ್ನಾಗಿದಾರೆ. ಆದ್ರೆ ಇವರು ನಿಮ್ಮಪ್ಪ ಅಲ್ಲ. ತೆಗಿ.”

ಕೊನೆಗೆ ಮನುಷ್ಯರೇ ಬೇಡವೆಂದು ತೀರ್ಮಾನವಾಯಿತು. ಸುತ್ತ ಮಲ್ಲಿಗೆ ದಂಡೆ, ನಡುವೆ ಅಕ್ಷರ. ಉಳಿದದ್ದನ್ನು ತಾನೇ ನೋಡಿಕೊಳ್ಳುತ್ತೇನೆಂದಳು.

ಅಷ್ಟರಲ್ಲಿ ಗಿರಿನಗರದಿಂದ ಭಾವನವರ ಫೋನ್ ಬಂತು. ನನ್ನ ಗಂಡನ ಅಣ್ಣ, ಮನೆತನದ ಹಿರಿಯರು. ನಾನು ಹೆಸರು ಹಾಕಿಸುವ ಸುದ್ದಿ ಅದು ಹೇಗೋ ಅವರ ಕಿವಿಗೆ ಬಿದ್ದಿತ್ತು.

“ಶುಭಕಾರ್ಯ ಕಣಮ್ಮ. ನಾವು ಗಂಡ ಹೆಂಡ್ತಿ ಗಟ್ಟಿಯಾಗಿರುವಾಗ ನಿನ್ನ ಹೆಸರು ಹಾಕಿದ್ರೆ ನಾಲ್ಕು ಜನ ಏನಂತಾರೆ?”

“ಆ ನಾಲ್ಕು ಜನ ಯಾರು ಅಂತ ಹೇಳಿ ಭಾವ, ಅವರಿಗೂ ಒಂದೊಂದು ಕಾರ್ಡ್ ಕಳಿಸ್ತೀನಿ,” ಎಂದೆ. ಅವರು ಫೋನಿಟ್ಟರು. ಇಷ್ಟು ವರ್ಷಗಳಲ್ಲಿ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಖುಷಿಯಾಗಿತ್ತು.

ಆ ವಾರವೇ ನನ್ನ ಫೋನಿಗೆ ಕಾರ್ಡು ಬಂತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಕನ್ನಡಕ ಹುಡುಕಿ ನೇರ ಕೆಳಗಿನ ಸಾಲಿಗೇ ಕಣ್ಣು ಹಾಕಿದೆ. ಕರೆಯುವವರು, ಅದರ ಮುಂದೆ ನನ್ನ ಹೆಸರು. ಒಬ್ಬಳದೇ. ಬ್ಲೌಸಿಗೆ ಹೊಂದುವ ದಾರ ಕೇಳುತ್ತಿದ್ದ ಹೆಂಗಸು “ಏನಾಯ್ತು ಆಂಟಿ?” ಎಂದು ಕೇಳುವಷ್ಟು ಹೊತ್ತು ನೋಡಿದೆ. ಕಣ್ಣಲ್ಲಿ ನೀರಿತ್ತು. ನನ್ನ ಮಗಳು ದೊಡ್ಡಪ್ಪನ ಮುಂದೆ ನನ್ನ ಪರವಾಗಿ ನಿಂತಳಲ್ಲ ಎಂದು ಅವತ್ತು ಹಿಗ್ಗಿಹೋಗಿದ್ದೆ.

ಆ ಹಿಗ್ಗು ಎರಡು ದಿನ ಬಾಳಿತು. ನನ್ನ ಅಂಗಡಿಯ ಪಕ್ಕದಲ್ಲೇ ಬಳೆ ಮಾರುವಾಕೆ ಬೆಳಿಗ್ಗೆ ಶಟರ್ ಎತ್ತುವಾಗಲೇ ಕೂಗಿದಳು. “ಅಕ್ಕಾ, ಮಗಳ ಕಾರ್ಡ್ ಬಂತು! ಮೇಲ್ಗಡೆ ನನ್ನ ಹೆಸರೇ ಹಾಕಿದ್ದಾಳೆ, ಸಖತ್ತಾಗಿದೆ. ಆದ್ರೆ ನಿಮ್ಮ ಹೆಸರ್ಯಾಕಿಲ್ಲ?”

ಅವಳ ಫೋನು ಇಸಿದುಕೊಂಡೆ. ಅದೇ ಮಲ್ಲಿಗೆ ದಂಡೆ, ಅದೇ ಅಕ್ಷರ. ಕರೆಯುವವರ ಜಾಗದಲ್ಲಿ ಭಾವನವರು ಮತ್ತು ನನ್ನ ವಾರಗಿತ್ತಿ. ವಧುವಿನ ಹೆಸರಿನ ಕೆಳಗೆ, ಲಿಂಗೈಕ್ಯರಾದ ಅಪ್ಪನ ಹೆಸರು ಹೇಳಿ, ಅವರ ಪುತ್ರಿ ಎಂದಿತ್ತು. ತಾಯಿ ಎಂಬುವಳೊಬ್ಬಳು ಇದ್ದ ಗುರುತೇ ಅದರಲ್ಲಿರಲಿಲ್ಲ. ಬಳೆಯಂಗಡಿಯವಳು ಭಾವನವರ ಮುಖ ಕೂಡ ನೋಡಿದವಳಲ್ಲ. ನನ್ನ ಗೆಳತಿಯನ್ನೂ ಅವರೇ ಕರೆದಿದ್ದರು.

ಸಂಜೆ ಅಂಗಡಿ ಬೇಗ ಮುಚ್ಚಿ ಮನೆಗೆ ಹೋದೆ. ಮಗಳು ಆಗ ತಾನೆ ಆಫೀಸಿನಿಂದ ಬಂದು ಕಾಫಿ ಕುಡಿಯುತ್ತಿದ್ದಳು.

“ಎಷ್ಟು ಥರದ ಕಾರ್ಡ್ ಮಾಡಿದೀಯ?”

ಅವಳು ಲೋಟ ಕೆಳಗಿಟ್ಟಳು. “ಎರಡು.”

“ನನ್ನ ಹೆಸರಿರೋದು ಯಾರ್ಯಾರಿಗೆ ಹೋಯ್ತು?”

“ನಿಂಗೆ.”

“ನಂಗೆ. ಮತ್ತೆ?”

“ನಿಂಗೆ ಅಷ್ಟೇ ಅಮ್ಮ.”

ನನ್ನ ಫೋನು ತೆಗೆದು ಆ ಕಾರ್ಡನ್ನು ಮೊದಲಿನಿಂದ ಓದಿದೆ. ಅವತ್ತು ಅವಸರದಲ್ಲಿ ಮೇಲಿನ ಸಾಲು ನೋಡಿರಲೇ ಇಲ್ಲ. ಪ್ರತಿ ಮನೆಗೂ ಅವರವರ ಹೆಸರು ಎಂದಿದ್ದಳಲ್ಲ, ಹಾಗೆಯೇ ಅಲ್ಲಿ ಚಿನ್ನದ ಬಣ್ಣದಲ್ಲಿ ನನ್ನ ಹೆಸರು ಬರೆದು, ತಾವು ಕುಟುಂಬ ಸಮೇತ ಬಂದು ವಧೂವರರನ್ನು ಹರಸಬೇಕು ಎಂದಿತ್ತು. ಕೆಳಗೆ ಕರೆಯುವವಳೂ ನಾನೇ. ನನ್ನ ಮಗಳ ಮದುವೆಗೆ ನಾನು ಕರೆದದ್ದು ಒಬ್ಬಳನ್ನೇ, ನನ್ನನ್ನೇ.

“ದೊಡ್ಡಪ್ಪ ಆಫೀಸಿಗೆಲ್ಲ ಫೋನ್ ಮಾಡಿದ್ರಮ್ಮ. ಮದುವೆಗೇ ಬರಲ್ಲ ಅಂದ್ರು. ಅವತ್ತು ಅವರು ಮುಖ ಊದಿಸ್ಕೊಂಡು ಕೂತ್ರೆ ಗಂಡಿನ ಕಡೆಯವರು ಏನು ತಿಳ್ಕೊಳಲ್ಲ? ನಿಂಗೂ ಬೇಜಾರಾಗ್ಬಾರ್ದು, ಅವರಿಗೂ ಆಗ್ಬಾರ್ದು ಅಂತ... ಒಂದು ಸಾಲು ಬದಲಾಯಿಸಿದ್ರೆ ಅದು ಎಲ್ಲಾ ತಾನೇ ಮಾಡ್ಬಿಡುತ್ತೆ.”

ಅದೇ ನನ್ನ ಸಂಕಟ. ಪ್ರೆಸ್ಸಿನಲ್ಲಿ ಮಾಡಿಸುತ್ತಿದ್ದಾಗ ಎಲ್ಲರಿಗೂ ಒಂದೇ ಕಾರ್ಡು. ಯಾರ ಹೆಸರು ಎಂಬ ಜಗಳವನ್ನು ಆಡಿ ಮುಗಿಸಿಯೇ ಅಚ್ಚಿಗೆ ಕೊಡಬೇಕಿತ್ತು. ಆ ಜಗಳದಲ್ಲಿ ನಾನು ಸೋಲುತ್ತಿದ್ದೆನೋ ಏನೋ, ಆದರೆ ಸೋತೆನೆಂದು ನನಗೆ ಗೊತ್ತಾಗುತ್ತಿತ್ತು. ಈಗ ನನ್ನನ್ನು ಸೋಲಿಸಿ, ಗೆದ್ದೆ ಎಂದು ಬರೆದ ಕಾರ್ಡನ್ನು ಕೈಗೆ ಕೊಟ್ಟಿದ್ದರು. ಕೊಟ್ಟವಳು ನಾನೇ ಹೆತ್ತ ಮಗಳು. ಬಾಯಿಗೆ ಬಂದಂತೆ ಬೈದೆ. ಅವಳು ಅತ್ತಳು, ನಾನೂ ಅತ್ತೆ.

“ಐದು ನಿಮಿಷ ಕೊಡಮ್ಮ, ನಿನ್ನ ಹೆಸರು ಹಾಕಿ ಎಲ್ಲರಿಗೂ ಹೊಸದು ಕಳಿಸ್ತೀನಿ,” ಎಂದು ಲ್ಯಾಪ್‌ಟಾಪ್ ಎಳೆದುಕೊಂಡಳು.

“ಬೇಡ. ನಿನ್ನ ಕಾರ್ಡಿನ ಸಹವಾಸ ಸಾಕು,” ಎಂದು ನಾನು ಹೊಸಕೆರೆಹಳ್ಳಿಗೆ ಫೋನ್ ಹಚ್ಚಿದೆ. ಅಲ್ಲಿರುವುದು ನನ್ನ ಗಂಡನ ಸೋದರತ್ತೆ. ಇರುವವರಲ್ಲೆಲ್ಲ ಹಿರಿಯರು, ಶಾಸ್ತ್ರ ಸಂಪ್ರದಾಯದ ಮಾತು ಬಂದರೆ ಭಾವನವರೂ ಅವರನ್ನೇ ಕೇಳುವುದು. ಬೈಸಿಕೊಳ್ಳುವುದಿದ್ದರೆ ಮೊದಲು ಅವರಿಂದಲೇ ಆಗಲಿ ಎನ್ನಿಸಿತು.

“ಹೇಳಮ್ಮ. ಕಾರ್ಡ್ ಬಂತು, ಮೊಮ್ಮಗಳು ಓದಿ ಹೇಳಿದ್ಲು. ನಿಮ್ಮ ಭಾವ ಕರೆದಾಯ್ತಲ್ಲ, ಮತ್ತೇನು?” ಎಂದರು.

“ಅವರು ಕರೆದದ್ದಾಯ್ತು ಅತ್ತೆ. ಈಗ ನಾನು ಕರೀತಿದ್ದೀನಿ. ನನ್ನ ಮಗಳ ಮದುವೆ, ನೀವು ಬರ್ಬೇಕು.”

ಆ ಕಡೆ ಟಿವಿಯಲ್ಲಿ ಯಾವುದೋ ಧಾರಾವಾಹಿಯ ಅಳು ಕೇಳಿಸುತ್ತಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅತ್ತೆ ಯಾರಿಗೋ ಟಿವಿ ಆರಿಸಲು ಹೇಳಿದ್ದು ಕೇಳಿಸಿತು.

“ಹೌದಾ? ಯಾವತ್ತಮ್ಮ ಮದುವೆ?” ಎಂದು ಕೇಳಿದರು, ಮೊದಲ ಸಲ ಕೇಳಿಸಿಕೊಳ್ಳುವವರ ಹಾಗೆ.

ಹೇಳಿದೆ.

“ಛತ್ರ ಎಲ್ಲಿ?”

ಅದನ್ನೂ ಹೇಳಿದೆ.