ಸೋಡಾ ಬಾಟ್ಲಿಗಳು ಸುದ್ದಿ ತರುತ್ತಿದ್ದ ಕಾಲ

ಸುಳ್ಯ ಪೇಟೆಯಲ್ಲಿ ನಮ್ಮದೊಂದು ಗೋಲಿ ಸೋಡಾ ಕಾರ್ಖಾನೆ ಇತ್ತು. ಕಾರ್ಖಾನೆ ಅಂತ ಬೋರ್ಡಿನಲ್ಲಿ ಬರೆದಿತ್ತು, ಅಷ್ಟೆ. ಒಳಗೆ ಬಂದರೆ ಒಂದು ತಗಡಿನ ಶೆಡ್ಡು, ಒಂದು ಯಂತ್ರ, ಮಂಗಳೂರಿನಿಂದ ಪುತ್ತೂರಿನ ಮೇಲೆ ಬರುವ ಗ್ಯಾಸಿನ ಸಿಲಿಂಡರು, ಯಂತ್ರ ತಿರುಗಿಸುವುದಕ್ಕೆ ನನ್ನ ಅಪ್ಪ. ಅರುವತ್ತರ ದಶಕ ಶುರುವಾಗಿತ್ತು. ಹೈಸ್ಕೂಲು ಮುಗಿಸಿದ ನನಗೆ ಗಂಡು ಸಿಗುವವರೆಗೆ ಬಾಟ್ಲಿ ತೊಳೆಯುವ ಕೆಲಸ. ನನಗೋ ಬೇರೊಂದು ಹುಚ್ಚು ಹಿಡಿದಿತ್ತು. ಶೆಡ್ಡಿನ ಬಾಗಿಲಲ್ಲಿ ಒಂದು ಸ್ಟೂಲು ಇತ್ತು. ಅಪ್ಪ ಅದರಲ್ಲಿ ಕೂತು ಯಾವ ಅಂಗಡಿಗೆ ಎಷ್ಟು ಸೋಡಾ ಹೋಗಬೇಕೆಂದು ಹೇಳುತ್ತಿದ್ದರು. ಆ ಸ್ಟೂಲಿನಲ್ಲಿ ನಾನು ಕೂರಬೇಕು, ನಾನು ಹೇಳಬೇಕು. ನನ್ನ ಗೆಳತಿಯರು ರೇಷ್ಮೆ ಸೀರೆಯ ಕನಸು ಕಾಣುವಾಗ ನಾನು ಸ್ಟೂಲಿನ ಕನಸು ಕಾಣುತ್ತಿದ್ದೆ.

ಆಗೆಲ್ಲ ಅಂಗಡಿಗಳ ಆರ್ಡರು ಬರುತ್ತಿದ್ದದ್ದು ಬಸ್ಸಿನ ಕಂಡಕ್ಟರನ ಬಾಯಲ್ಲಿ. ಬೆಳಿಗ್ಗೆ ಪಂಜದಿಂದ ಹೊರಡುವ ಬಸ್ಸು ಸುಳ್ಯಕ್ಕೆ ಬಂದು, ಅಜ್ಜಾವರಕ್ಕೆ ಹೋಗಿ, ಮಧ್ಯಾಹ್ನದ ಮೇಲೆ ಅದೇ ದಾರಿಯಲ್ಲಿ ಪಂಜಕ್ಕೆ ತಿರುಗುತ್ತಿತ್ತು. ಪಂಜದ ಅಂಗಡಿಯವರು ಕಂಡಕ್ಟರನ ಕಿವಿಯಲ್ಲಿ ಬೇಕಾದ್ದನ್ನು ಹೇಳಿ ಕಳಿಸುವರು. ಅವನು ಟಿಕೆಟು ಹರಿದು, ಸೀಟಿನ ಜಗಳ ಬಿಡಿಸಿ, ಬುಟ್ಟಿಯೊಳಗಿನ ಕೋಳಿಗೆ ಚಾರ್ಜು ಉಂಟೋ ಇಲ್ಲವೋ ಎಂದು ವಾದ ಮಾಡಿ ಸುಳ್ಯ ಮುಟ್ಟುವಷ್ಟರಲ್ಲಿ ಶುಂಠಿ ಸೋಡಾ ಬರೀ ಸೋಡಾ ಆಗಿರುತ್ತಿತ್ತು. ಚೀಟಿ ಬರೆಸಿಯೂ ನೋಡಿದೆವು. ಅದು ಅವನ ಕಿಸೆಯಲ್ಲಿ ವೀಳ್ಯದೆಲೆಯ ಜೊತೆ ಸೇರಿ, ಸುಣ್ಣ ಮೆತ್ತಿಸಿಕೊಂಡು, ಯಾರಿಗೂ ಓದಲು ಬಾರದ ಸ್ಥಿತಿಯಲ್ಲಿ ಬಂತು. ಅಂಗಡಿಯವರು ಅಪ್ಪನಿಗೆ ಬೈಯುವರು, ಅಪ್ಪ ಕಂಡಕ್ಟರನಿಗೆ ಬೈಯುವರು, ಅವನು ಬೈಯಲು ಯಾರೂ ಸಿಗದೆ ಡ್ರೈವರನ ಮುಖ ನೋಡುವನು.

ಬಾಟ್ಲಿ ತೊಳೆಯುವ ತೊಟ್ಟಿಯ ಹತ್ತಿರ ಕೂತು ಖಾಲಿ ಪೆಟ್ಟಿಗೆಗಳನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ಕುಡಿದು ಖಾಲಿಯಾದ ಬಾಟ್ಲಿಗಳನ್ನು ಪೆಟ್ಟಿಗೆಯಲ್ಲಿಟ್ಟು ಅಂಗಡಿಯವರು ಹೇಗೂ ಅದೇ ಬಸ್ಸಿನ ಟಾಪಿನಲ್ಲಿ ಕಳಿಸುತ್ತಾರೆ. ಬೇಕಾದ್ದನ್ನು ಆ ಪೆಟ್ಟಿಗೆಯೇ ಹೇಳಬಾರದೇಕೆ?

"ಬಾಟ್ಲಿ ಮಾತಾಡ್ತದಾ ಮಗಾ?" ಎಂದು ಅಪ್ಪ ಕೇಳಿದರು.

"ಕಂಡಕ್ಟರಿಗಿಂತ ಚಂದ ಮಾತಾಡ್ತದೆ."

ಅಪ್ಪನಿಗೆ ನಗು ಬಂತು. ನಗು ಬಂದಾಗಲೇ ಕೇಳಿಕೊಳ್ಳಬೇಕೆಂದು ನಾನು ಸ್ಟೂಲಿನ ಮಾತೂ ಎತ್ತಿದೆ. "ಆಯ್ತು, ಕೂತು ನೋಡು. ಆದ್ರೆ ಒಂದು ಸಲ ತಪ್ಪಿದ್ರೆ ಮತ್ತೆ ಸ್ಟೂಲು ಇಲ್ಲ, ತೊಟ್ಟಿಯೇ ಗತಿ" ಎಂದರು. ಅಪ್ಪ ಹೇಳಿದರೆ ಹೇಳಿದ್ದೇ.

ನಾನು ಮಾಡಿದ ಏರ್ಪಾಡು ಇಷ್ಟೆ. ಖಾಲಿ ಬಾಟ್ಲಿ ನೆಟ್ಟಗೆ ನಿಂತಿದ್ದರೆ ಅದರ ಬದಲಿಗೆ ಬರೀ ಸೋಡಾ ಬೇಕು. ತಲೆಕೆಳಗಾಗಿದ್ದರೆ ಶುಂಠಿ ಸೋಡಾ ಬೇಕು. ಗ್ಯಾಸಿಲ್ಲದ ಸೋಡಾ ಸಿಕ್ಕಿದರೆ ಚೆಲ್ಲದೆ, ತುಂಬಿದ ಹಾಗೆಯೇ ವಾಪಸು ಕಳಿಸಬೇಕು, ಅದು ದೂರು. ಹೆಚ್ಚಿಗೆ ಪೆಟ್ಟಿಗೆ ಬೇಕಾದರೆ ಹಿಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಬೇಕು, ಒಂದು ಚೂರಿಗೆ ಒಂದು ಪೆಟ್ಟಿಗೆ. ಓದು ಬೇಡ, ಬರಹ ಬೇಡ, ಕಂಡಕ್ಟರನ ಬಾಯಿಯಂತೂ ಬೇಡವೇ ಬೇಡ.

ಅದು ನಡೆಯಿತು ಮಾತ್ರವಲ್ಲ, ಓಡಿತು. ಟಾಪಿನಿಂದ ಪೆಟ್ಟಿಗೆ ಇಳಿಯುತ್ತಿದ್ದಂತೆ ನಾನು ದೂರದಿಂದಲೇ ನೋಡಿ "ಬೇಗ ಬೇಗ, ಪಂಜಕ್ಕೆ ಶುಂಠಿ ಜಾಸ್ತಿ" ಎಂದು ಕೂಗುವಾಗ ನನ್ನ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ. ಅಂಗಡಿಯವರಿಗೂ ಮರುಳು ಹಿಡಿಯಿತು. ನಾನು ಹೇಳಿಕೊಡದ ಸುದ್ದಿಗಳೆಲ್ಲ ಪೆಟ್ಟಿಗೆಯಲ್ಲಿ ಬರತೊಡಗಿದವು. ಅಜ್ಜಾವರದ ಅಂಗಡಿಯವರು ಮೊಮ್ಮಗು ಹುಟ್ಟಿದ ದಿನ ಬಾಟ್ಲಿಯ ಬಾಯಿಗೆ ಕೇಪಳ ಹೂ ಸಿಕ್ಕಿಸಿ ಕಳಿಸಿದರು. ನಾವು ಸಂತೋಷಕ್ಕೆ ಎರಡು ಶುಂಠಿ ಹೆಚ್ಚಿಗೆ ಇಟ್ಟೆವು. ಅದರ ಮರುವಾರ ಅವರು ಯಾರೂ ಹುಟ್ಟದೆಯೂ ಹೂ ಕಳಿಸಿದರು. ದಾರಿಯುದ್ದಕ್ಕೂ ಜನ ಬಸ್ಸಿನ ಟಾಪು ಓದಲು ಕಲಿತರು. "ಪಂಜದಲ್ಲಿ ಎಂತದೋ ಗಮ್ಮತ್ತು ಉಂಟು ಮಾರಾಯ್ರೆ, ಕೆಂಪು ಬಟ್ಟೆ ಕಾಣ್ತದೆ" ಎಂದು ಸ್ಟಾಪಿನಲ್ಲಿ ನಿಂತವರು ಮಾತಾಡಿಕೊಳ್ಳುವರು. ಕಡಬದ ಕಡೆಯ ಇನ್ನೊಬ್ಬ ಸೋಡಾದವನು ಪಂಜದ ಸ್ಟಾಪಿನಲ್ಲಿ ಬೀಡಿ ಸೇದುವ ನೆವದಲ್ಲಿ ಕೂತು ನಮ್ಮ ಪೆಟ್ಟಿಗೆ ಓದಿ, ಬಟ್ಟೆ ಕಟ್ಟಿದ ದಿನ ತನ್ನ ಸೋಡಾ ತಂದು ಇಳಿಸತೊಡಗಿದ. ಅಂದಿನಿಂದ ಪೆಟ್ಟಿಗೆಗೆ ಗೋಣಿ ಹೊದಿಸಿ ಕಳಿಸಿ ಎಂದೆ. ಕಳ್ಳನಿಗೆ ಬೈದು ಪ್ರಯೋಜನವಿಲ್ಲ, ನಮ್ಮ ಬಾಗಿಲು ನಾವು ಹಾಕಿಕೊಳ್ಳಬೇಕು.

ಪುತ್ತೂರಿನ ಕಾಲೇಜಿಗೆ ಹೋಗುವ ನನ್ನ ತಂಗಿಯ ಮೊಮ್ಮಗಳು ಈಚೆಗೆ ವ್ಯವಹಾರದ ಮಾಹಿತಿ ವ್ಯವಸ್ಥೆ ಎಂಬ ಪಾಠವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ಬರೀ ಅಂಕಿ ಸಂಗತಿ ಬೇರೆ, ಅರ್ಥ ಹಚ್ಚಿದ ಮಾಹಿತಿ ಬೇರೆ, ಒಳಗೆ ಹೋಗುವುದು ತಪ್ಪಾದರೆ ಹೊರಗೆ ಬರುವುದೂ ತಪ್ಪು, ಗಿರಾಕಿಯ ದೂರು ತಿರುಗಿ ಬರಲು ದಾರಿ ಇರಬೇಕು, ಗುಟ್ಟು ಕಾಯಬೇಕು. ನಾನು ನಗುತ್ತಾ ಅವಳ ಪುಸ್ತಕದ ಮೇಲೆ ಕಾಫಿ ಚೆಲ್ಲಿದೆ. "ಎಂತ ಅಜ್ಜಿ, ಇದರಲ್ಲಿ ನಗ್ಲಿಕ್ಕೆ ಎಂತ ಉಂಟು?" ಎಂದು ಅವಳಿಗೆ ಸಿಟ್ಟು. ಸ್ಟೂಲು ಇನ್ನೇನು ಕೈತಪ್ಪಿತು ಎಂದಾದ ಆ ದಿನದ ಕತೆಯನ್ನು ಅವಳಿಗೆ ಹೇಳಿದೆ. ಇಲ್ಲಿಯೂ ಹೇಳುತ್ತೇನೆ.

ಒಂದು ಬೆಳಿಗ್ಗೆ ಪಂಜದ ಬಸ್ಸು ತುಂಬಿ ತುಳುಕುತ್ತಾ ಬಂತು. ಕಂಡಕ್ಟರ್ ಅವಸರದಲ್ಲಿ ನಮ್ಮ ಪೆಟ್ಟಿಗೆ ಇಳಿಸಿ ಅಜ್ಜಾವರದ ಕಡೆ ಹೊರಟುಹೋದ. ನಾನು ಗೋಣಿ ಎತ್ತಿದೆ. ಎಲ್ಲ ಬಾಟ್ಲಿಗಳೂ ನೆಟ್ಟಗೆ ನಿಂತಿದ್ದವು, ಎಲ್ಲವೂ ತುಂಬಿದ್ದವು, ಗ್ಯಾಸಿದ್ದರೆ ಬಾಯಿಗೆ ಅಂಟಿರಬೇಕಾದ ಗೋಲಿ ಎಲ್ಲದರಲ್ಲೂ ಕೆಳಗೆ ಬಿದ್ದಿತ್ತು. ನನ್ನದೇ ಭಾಷೆಯಲ್ಲಿ ಅದರ ಅರ್ಥ: ನೀವು ಕಳಿಸಿದ ಸೋಡಾದಲ್ಲಿ ಒಂದರಲ್ಲೂ ಗ್ಯಾಸಿಲ್ಲ, ತೆಗೆದುಕೊಳ್ಳಿ ವಾಪಸು. ಆದರೆ ಹಿಡಿಗೆ ಮೂರು ಕೆಂಪು ಚೂರು ಕಟ್ಟಿತ್ತು. ಅದರ ಅರ್ಥ: ಇನ್ನೂ ಮೂರು ಪೆಟ್ಟಿಗೆ ಕಳಿಸಿ.

ಅಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಗ್ಯಾಸಿಲ್ಲದ್ದು ಇನ್ನೂ ಮೂರು ಪೆಟ್ಟಿಗೆ ಬೇಕಂತಾ ಅವರಿಗೆ?"

"ಎರಡೂ ಒಟ್ಟಿಗೆ ನಿಜ ಆಗ್ಲಿಕ್ಕಿಲ್ಲ ಅಪ್ಪ."

"ಬಟ್ಟೆ ಸಿಟ್ಟಿಗೆ ಕಟ್ಟಿದ್ದು. ಒಂದು ಕಟ್ಟಿ ಸಾಕಾಗ್ಲಿಲ್ಲ, ಮೂರು ಕಟ್ಟಿದ್ದಾರೆ."

ನಾನು ಒಂದು ಬಾಟ್ಲಿ ಎತ್ತಿ ಬಾಯಿಗೆ ಸುರಿದುಕೊಂಡೆ. ಇನ್ನೊಂದು, ಮತ್ತೊಂದು. ಶುಂಠಿಯಿಲ್ಲ, ಸಿಹಿಯಿಲ್ಲ, ಕೊಳೆತ ಎಲೆಯ ವಾಸನೆಯ, ರಸ್ತೆ ಬದಿ ಹರಿಯುವ ತೋಡಿನ ನೀರು. ನನಗೆ ತಲೆ ತಿರುಗುವಷ್ಟು ಸಂತೋಷವಾಯಿತು. ಇದು ನಮ್ಮ ಸೋಡಾವೇ ಅಲ್ಲ. ಅಂಗಡಿಯವರು ಬಟ್ಟೆ ಕಟ್ಟಿ ಖಾಲಿ ಬಾಟ್ಲಿ ಕಳಿಸಿದ್ದಾರೆ, ದಾರಿಯಲ್ಲಿ ಯಾರೋ ನೀರು ತುಂಬಿಸಿದ್ದಾರೆ. ಯಾಕೆ ತುಂಬಿಸಿದರು ಎಂಬುದು ಗೊತ್ತಿಲ್ಲ. ಬಟ್ಟೆಯನ್ನು ನಂಬಬೇಕು, ನೀರನ್ನು ನಂಬಬಾರದು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳಾಗಲು ನಾನು ಸ್ಟೂಲಿನಲ್ಲಿ ಕೂತದ್ದಲ್ಲ.

ಅಪ್ಪನಿಗೆ ಇದು ಹಿಡಿಸಲಿಲ್ಲ. ಸಿಲಿಂಡರಿನಲ್ಲಿ ಉಳಿದ ಗ್ಯಾಸು ಅಷ್ಟಕ್ಕಷ್ಟೆ, ಹೊಸದು ಬರುವುದು ಮರುದಿನ ಬೆಳಿಗ್ಗೆ. ಇರುವುದನ್ನೆಲ್ಲ ಪಂಜಕ್ಕೆ ತುಂಬಿಸಿ ಅವರು ಬೇಡವೆಂದರೆ ಅಲ್ಲಿಯೂ ವ್ಯಾಪಾರವಿಲ್ಲ, ಅಂದು ಉಳಿದ ಅಂಗಡಿಗಳಿಗೆ ಕೊಡಲೂ ಒಂದು ಬಾಟ್ಲಿ ಇರುವುದಿಲ್ಲ. ಆದರೂ ಯಂತ್ರದ ಹಿಡಿ ಹಿಡಿದು ತಿರುಗಿಸಲು ಶುರು ಮಾಡಿದರು.

"ತುಂಬಿಸಿ ಕೊಡ್ತೇನೆ. ತಕೊಂಡು ಹೋಗುದು ನೀನೇ. ವಾಪಸು ತಂದ್ರೆ ಸ್ಟೂಲಿನ ಸುದ್ದಿ ನನ್ನತ್ರ ಎತ್ತಬಾರದು."

ಎಂದಿನದ್ದೊಂದು, ಹೆಚ್ಚಿಗೆ ಮೂರು, ಒಟ್ಟು ನಾಲ್ಕು ಪೆಟ್ಟಿಗೆ. ಶುಂಠಿ ಎಷ್ಟು, ಬರೀದು ಎಷ್ಟು ಎಂಬ ಸುದ್ದಿ ನೀರಿನಲ್ಲಿ ಹೋಮವಾಗಿತ್ತು. ದೇವರ ಮೇಲೆ ಭಾರ ಹಾಕಿ ಅರ್ಧಕ್ಕರ್ಧ ಮಾಡಿದೆ. ಅಜ್ಜಾವರದಿಂದ ತಿರುಗಿ ಬಂದ ಬಸ್ಸಿನ ಕಂಡಕ್ಟರನನ್ನು ಕೇಳಿದರೆ, "ನಾನು ಒಳಗೆ ಟಿಕೆಟು ಮಾಡ್ತಾ ಇದ್ದೆ ಅಕ್ಕ, ಟಾಪಿನಲ್ಲಿ ಎಂತ ಆಯ್ತೂಂತ ನನಗೆ ಹೇಗೆ ಗೊತ್ತು?" ಎಂದ. ಅವನಿಂದ ಅದಕ್ಕಿಂತ ಹೆಚ್ಚಿನದನ್ನು ನಾನೂ ನಿರೀಕ್ಷಿಸಿರಲಿಲ್ಲ.

ಬಸ್ಸಿನ ತುಂಬ ಮದುವೆಯ ದಿಬ್ಬಣ. ಬೆಳಿಗ್ಗೆ ಪಂಜದಿಂದ ಹೊರಟಿದ್ದ ಗಂಡಿನ ಕಡೆಯವರು ಅಜ್ಜಾವರದಲ್ಲಿ ಧಾರೆ ಮುಗಿಸಿ, ಮದುಮಗಳನ್ನು ಕರೆದುಕೊಂಡು ತಿರುಗಿ ಹೊರಟಿದ್ದರು. ನಮ್ಮ ಪೆಟ್ಟಿಗೆಗಳು ಟಾಪಿಗೆ ಏರುವುದನ್ನು ಕಂಡು, ಕಿಟಕಿಯ ಬದಿಯಲ್ಲಿ ಕೂತಿದ್ದ ಮದುಮಗನ ಸೋದರತ್ತೆಯ ಮುಖ ಅರಳಿತು. ದಪ್ಪ ಕುಂಕುಮದ, ದೊಡ್ಡ ದನಿಯ ಹೆಂಗಸು. ನನ್ನನ್ನು ಎಳೆದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

"ತುಂಬಿದ ಬಾಟ್ಲಿ ಎದುರು ಬಂತು, ಶಕುನ ಒಳ್ಳೇದುಂಟು. ಬೆಳಿಗ್ಗೆ ನೋಡ್ಬೇಕಿತ್ತು ನೀನು, ದಿಬ್ಬಣ ಹೊರಡುವಾಗ ಟಾಪಿನಲ್ಲಿ ಗೋಣಿ ಜಾರಿ ಕಂಡದ್ದು ಒಂದು ಪೆಟ್ಟಿಗೆ ಖಾಲಿ ಬಾಟ್ಲಿ, ಅದೂ ತಲೆಕೆಳಗೆ. ಮದುಮಗನ ತಲೆ ಮೇಲೆ ಖಾಲಿ ಬಾಟ್ಲಿ ಇಟ್ಕೊಂಡು ಹೋಗುದಾ? ನಾನು ಬಿಡ್ಲಿಲ್ಲ. ತೋಡಿನ ಹತ್ರ ಬಸ್ಸು ನಿಲ್ಲಿಸಿ ಕ್ಲೀನರಿನ ಕೈಯಲ್ಲಿ ಎಲ್ಲದಕ್ಕೂ ನೀರು ತುಂಬಿಸಿ, ನೆಟ್ಟಗೆ ಇಡಿಸಿದೆ."

ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಸಾಲಲಿಲ್ಲ. ನಗು ಸೆರಗನ್ನೂ ಮೀರಿ ಬಂತು. ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ನೋವು. ಯಾಕೆಂದು ಗೊತ್ತಿಲ್ಲದೆಯೇ ಅತ್ತೆಯೂ ನಕ್ಕರು, ಅವರನ್ನು ನೋಡಿ ಹಿಂದಿನ ಸೀಟಿನವರು ನಕ್ಕರು, ತಲೆ ತಗ್ಗಿಸಿ ಅಳುತ್ತಾ ಕೂತಿದ್ದ ಮದುಮಗಳೂ ಮೆಲ್ಲಗೆ ತಲೆಯೆತ್ತಿ ನಕ್ಕಳು. ಆ ಹಾಳು ರಸ್ತೆಯಲ್ಲಿ ಬಸ್ಸು ಎತ್ತಿ ಎತ್ತಿ ಹಾಕುವಾಗ ಮೇಲೆ ಟಾಪಿನಲ್ಲಿ ನಮ್ಮ ಬಾಟ್ಲಿಗಳು ಕಿಣಿಕಿಣಿ ಎನ್ನುತ್ತಿದ್ದವು. ಅಷ್ಟು ಹಗುರವಾಗಿ ನಾನು ಯಾವ ಪ್ರಯಾಣವನ್ನೂ ಮಾಡಿಲ್ಲ.

ಪಂಜದ ಅಂಗಡಿಯ ಬ್ಯಾರಿ ಕಾಕ ರಸ್ತೆಗೇ ಬಂದು ಕಾಯುತ್ತಿದ್ದರು. ಸಂಜೆ ಗಂಡಿನ ಮನೆಯಲ್ಲಿ ಊರಿಗೆಲ್ಲ ಊಟ, ಸೋಡಾ ಇವರ ಪಾಲಿಗೆ ಬಂದಿತ್ತು. ನಾನು ಏದುಸಿರು ಬಿಡುತ್ತಾ ನೀರಿನ ಕತೆಯನ್ನೆಲ್ಲ ಹೇಳಿದೆ. ಅವರು ಪೆಟ್ಟಿಗೆ ಎಣಿಸುವುದರಲ್ಲೇ ಇದ್ದರು.

"ಮೂರು ಬಟ್ಟೆ ಕಟ್ಟಿದೆ, ಮೂರು ಜಾಸ್ತಿ ಬಂತು. ಅದರಲ್ಲಿ ಎಂತ ದೊಡ್ಡ ವಿಷಯ ಮಾರಾಯ್ತಿ? ಶುಂಠಿ ಮಾತ್ರ ಸ್ವಲ್ಪ ಕಮ್ಮಿ ಆಯ್ತು ನಿಂದು."

ನನಗೆ ಒಂದು ಗಳಿಗೆ ಸಿಟ್ಟು ಬಂತು. ಆಮೇಲೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ತಿಳಿಯಿತು. ಕಟ್ಟಿದರೆ ಬರುತ್ತದೆ ಎಂದು ಕಾಕ ನಂಬಿದ್ದರು, ಬಂತು. ಬೆಳಿಗ್ಗೆಯಿಂದ ನಾವು ಪಟ್ಟ ಪಾಡು ಅವರಿಗೆ ಯಾಕೆ ಬೇಕು?

ಕಡೆಯ ಬಸ್ಸಿನಲ್ಲಿ ನಾನು ಬರಿಗೈಯಲ್ಲಿ ಇಳಿದಾಗ ಅಪ್ಪ ಸ್ಟಾಪಿನಲ್ಲಿ ನಿಂತಿದ್ದರು. ಟಾಪಿನ ಕಡೆ ಒಮ್ಮೆ ನೋಡಿದರು, ಒಂದೂ ಪೆಟ್ಟಿಗೆ ತಿರುಗಿ ಬಂದಿರಲಿಲ್ಲ. ನಾನೇ ದಾರಿಯುದ್ದಕ್ಕೂ ಬಡಬಡಿಸಿದೆ, ಅವರು "ಹೂಂ" ಎನ್ನುತ್ತಾ ನಡೆದರು. ಮನೆ ಮುಟ್ಟಿದಾಗಲೂ ಒಂದು ಒಳ್ಳೆಯ ಮಾತು ಬರಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು.

ಮರುದಿನ ಬೆಳಿಗ್ಗೆ ಕಂಡಕ್ಟರ್ ಪೆಟ್ಟಿಗೆಗಳನ್ನು ಇಳಿಸಿ ಶೆಡ್ಡಿನ ಬಾಗಿಲಿಗೆ ಬಂದ. ಸ್ಟೂಲಿನಲ್ಲಿ ಕೂತಿದ್ದ ನನ್ನನ್ನು ದಾಟಿ ಒಳಗೆ ನೋಡಿ, ಯಾವತ್ತಿನ ಹಾಗೆ ಅಪ್ಪನನ್ನೇ ಕೇಳಿದ, "ಧನಿ, ಇವತ್ತು ಪಂಜಕ್ಕೆ ಎಷ್ಟು ಹಾಕುದು?"

ಅಪ್ಪ ಯಂತ್ರ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. "ನನ್ನತ್ರ ಎಂತ ಕೇಳುದು? ನನಗೆ ಗೊತ್ತಿಲ್ಲ. ಅವಳತ್ರ ಕೇಳು."

ಪೆಟ್ಟಿಗೆ ನನ್ನ ಕಣ್ಣೆದುರಿಗೇ ಇತ್ತು. ಆದರೆ ನೆಟ್ಟಗಿದ್ದವು ಯಾವುವು, ತಲೆಕೆಳಗಿದ್ದವು ಯಾವುವು, ನನಗೊಂದೂ ಕಾಣಲಿಲ್ಲ, ಕಣ್ಣು ತುಂಬಿ ಎಲ್ಲ ಕಲಸಿಹೋಗಿತ್ತು. ಕಂಡಕ್ಟರ್ ಬಾಯಿ ಮುಚ್ಚಿಕೊಂಡು, ನಾನು ಹೇಳುವವರೆಗೆ, ಬಾಗಿಲಲ್ಲೇ ಕಾಯುತ್ತಾ ನಿಂತ.